ಬರೆದವರ ಹೆಸರೆಲ್ಲಿ?

ಪ್ರಿಯ ಓದುಗರೇ,

ಗಿಡಚಿತ್ರಗಳ ಪ್ರದರ್ಶನದ ಬಗ್ಗೆ ನಮ್ಮ ಲೇಖನ ಓದಿ ತೀರ್ಥಹಳ್ಳಿಯಿಂದ ನೀವು ಬರೆದ ಪತ್ರ ಸಿಕ್ಕಿತು. ಬ್ರಿಟಿಷರ ಕಾಲದ ಗಿಡಚಿತ್ರ, ಒಣಗಿದ ಎಲೆ, ಹಳೇ ಕಡತ ಇವನ್ನೆಲ್ಲ ಗೋಡೆಗೆ ಹಾಕಿದರೆ ಕಲೆ ಹೇಗಾಗುತ್ತದೆ, ಅದು ವಿಜ್ಞಾನದವರ ಕೆಲಸ ಅಲ್ವಾ ಅಂತ ಕೇಳಿದ್ದೀರಿ. ಸುಮ್ನೆ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ.

ನಿಮ್ಮ ಜಿಲ್ಲೆಯಿಂದಲೇ ಶುರು ಮಾಡುತ್ತೇನೆ. 1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯ ಶಿವಮೊಗ್ಗದಲ್ಲಿದ್ದ. ಒಬ್ಬ ಮರಾಠಿ ಕಲಾವಿದನಿಂದ ಸುತ್ತಲಿನ ಗಿಡಗಳನ್ನು ಒಂದೊಂದಾಗಿ ಬರೆಸಿದ. ಒಣಗಿಸಿ ಹಾಳೆಗೆ ಅಂಟಿಸಿದ ಹೂವಿನ ಬಣ್ಣ ಉಳಿಯುವುದಿಲ್ಲ, ಆಕಾರವೂ ಚಪ್ಪಟೆಯಾಗುತ್ತದೆ. ಅದಕ್ಕೇ ಚಿತ್ರ ಬೇಕಿತ್ತು. ಕಿತ್ತ ಹೂವು ಬಾಡುವುದರೊಳಗೆ ಬಣ್ಣ ಹಿಡಿಯಬೇಕು, ಎಲೆಯ ನರ ತಪ್ಪಬಾರದು, ಹೂವನ್ನು ಸೀಳಿ ಒಳಗಿನ ಭಾಗಗಳನ್ನು ಬೇರೆ ಬೇರೆ ತೋರಿಸಬೇಕು, ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಬಳ್ಳಿ ಹಾಳೆಯ ಮೇಲೆ ಎಲ್ಲಿ ಬಾಗಿದರೆ ಚೆನ್ನ ಅಂತ ಕಂಡುಕೊಂಡದ್ದು ಆ ಕಲಾವಿದನ ಕಣ್ಣು. ಇದನ್ನು ಕಲೆ ಅನ್ನದೆ ಇನ್ನೇನು ಅನ್ನಲಿ?

ಆ ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಬರೆಸಿದವನ ಹೆಸರನ್ನು ಇಡೀ ಸಂಗ್ರಹಕ್ಕೇ ಇಟ್ಟಿದ್ದಾರೆ. ಬರೆದವನು ಬರೀ 'ಮರಾಠಿ ಕಲಾವಿದ'. ಇದು ನನಗೆ ತುಂಬಾ ನೋವು ಕೊಡುತ್ತದೆ. ಮುಂದೆ ಲಾಲ್‌ಬಾಗ್‌ಗಾಗಿ ಗಿಡಗಳನ್ನು ಬರೆದ ಚೆಲುವಯ್ಯ ರಾಜು ಅವರ ಹೆಸರಾದರೂ ಉಳಿದಿದೆ.

ಬ್ರಿಟಿಷರ ಕಡತದ ಮೇಲೆ ನಿಮಗಿರುವ ಸಿಟ್ಟು ನನಗೂ ಇದೆ. ಇದೇ ಕ್ಲೆಗ್‌ಹಾರ್ನ್ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದ. ಕಾಡು ಕಡಿದು, ಸುಟ್ಟು, ಬಿತ್ತುವ ಕುಮರಿ ಬೇಸಾಯ ನಿಲ್ಲಬೇಕೆಂದು ಪಟ್ಟು ಹಿಡಿದ. 1860ರಲ್ಲಿ ಸರ್ಕಾರ ಅದಕ್ಕೆ ತಡೆ ಹಾಕಿತು. ಅಷ್ಟು ಗಿಡಗಳನ್ನು ಪ್ರೀತಿಯಿಂದ ಬರೆಸಿದವನಿಗೆ ಅವುಗಳ ನಡುವೆ ಬದುಕಿದವರ ಅನ್ನ ಕಾಣಲಿಲ್ಲ. ಹಾಗಾಗಿಯೇ ಹಳೇ ಚಿತ್ರದ ಪಕ್ಕದಲ್ಲಿ ಹಳೇ ಆದೇಶವನ್ನೂ ತೂಗುಹಾಕುವ ಕಲಾವಿದರ ಮೇಲೆ ನನಗೆ ಗೌರವ ಜಾಸ್ತಿ.

ಚಿತ್ರಗಳ ಕೆಳಗೆ ಲ್ಯಾಟಿನ್ ಹೆಸರು ಮಾತ್ರ ಹಾಕಿದ್ದೀರಿ, ಮುತ್ತುಗ ಅನ್ನೋಕೆ ಏನು ಕಷ್ಟ ಅಂತಲೂ ಕೇಳಿದ್ದೀರಿ. ಅದು ನಮ್ಮದೇ ತಪ್ಪು. ಮುಂದಿನ ಸಂಚಿಕೆಯಲ್ಲಿ ಕನ್ನಡದ ಹೆಸರುಗಳ ಸಮೇತ ಆ ಪುಟವನ್ನು ಮತ್ತೆ ಹಾಕುತ್ತೇವೆ.

ನಿಮ್ಮ ಅಜ್ಜ ನಾಟಿ ಔಷಧಿಯ ಗಿಡಗಳನ್ನು ಬರೆದಿಟ್ಟ ನೋಟ್‌ಬುಕ್ ಮನೆಯಲ್ಲಿದೆ ಎಂದಿದ್ದೀರಲ್ಲ, ಅದನ್ನು ಅಂಚೆಗೆ ಹಾಕಬೇಡಿ, ಹಾಳೆ ಪುಡಿಯಾದೀತು. ಒಂದೊಂದೇ ಪುಟದ ಫೋಟೊ ತೆಗೆದು ಕಳಿಸಿ. ಅಜ್ಜನ ಹೆಸರನ್ನೂ ಬರೆಯಿರಿ.

— ಸಂಪಾದಕ