ಎಕ್ಸೆಲ್‌ನಲ್ಲಿ ಫಾರ್ಮುಲಾ ಕೆಳಗೆ ಎಳೆದರೆ ಸೊನ್ನೆ ಬರುತ್ತಿದೆ, ಡಾಲರ್ ಚಿಹ್ನೆ ಎಲ್ಲಿ ಹಾಕಬೇಕು?

ನಿಮ್ಮ ಬಿ ಕಾಲಮ್‌ನಲ್ಲಿ ಮೊತ್ತಗಳಿವೆ, ಇ1ರಲ್ಲಿ ತೆರಿಗೆ ದರ ಇದೆ, ಸಿ2ರಲ್ಲಿ =ಬಿ2*ಇ1 ಅಂತ ಬರೆದಿದ್ದೀರಿ. ಮೊದಲ ಉತ್ತರ ಸರಿ, ಕೆಳಗೆ ಎಳೆದರೆ ಸೊನ್ನೆ. ಸಿ3ರ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಬಾರ್ ನೋಡಿ. ಅಲ್ಲಿ =ಬಿ3*ಇ2 ಅಂತ ಆಗಿರುತ್ತದೆ. ಇ2 ಖಾಲಿ, ಅದಕ್ಕೇ ಸೊನ್ನೆ.

ಸುಮ್ನೆ ಇ1 ಅಂತ ಬರೆದರೆ ಎಕ್ಸೆಲ್ ಅದನ್ನು ಖಾಯಂ ವಿಳಾಸ ಅಂತ ತಿಳಿಯುವುದಿಲ್ಲ. ‘ನನ್ನಿಂದ ಎರಡು ಕಾಲಮ್ ಬಲಕ್ಕೆ, ಒಂದು ಸಾಲು ಮೇಲಕ್ಕೆ’ ಅಂತ ದೂರವನ್ನು ನೆನಪಿಟ್ಟುಕೊಳ್ಳುತ್ತದೆ. ಫಾರ್ಮುಲಾ ಒಂದು ಸಾಲು ಇಳಿದರೆ ಅದು ನೋಡುವ ಸೆಲ್ಲೂ ಇಳಿಯುತ್ತದೆ. ಇದೇ ರಿಲೇಟಿವ್ ರೆಫರೆನ್ಸ್. ಬಿ2ಕ್ಕೆ ನಮಗೆ ಬೇಕಾದ್ದೂ ಇದೇ ಅಲ್ವಾ? ದರದ ಸೆಲ್ ಮಾತ್ರ ಕದಲಬಾರದು. ಹಾಗಾಗಿ ಸಿ2ರಲ್ಲಿ =ಬಿ2*$ಇ$1 ಅಂತ ಬರೆದು ಮತ್ತೆ ಎಳೆಯಿರಿ.

$ ತನ್ನ ಮುಂದಿರುವುದನ್ನು ಮಾತ್ರ ಹಿಡಿದಿಡುತ್ತದೆ. $ಇ1 ಅಂದರೆ ಕಾಲಮ್ ಗಟ್ಟಿ, ಸಾಲು ಬದಲಾಗುತ್ತದೆ. ಇ$1 ಅಂದರೆ ಇದರ ಉಲ್ಟಾ. ಈ ಅರ್ಧ ಡಾಲರ್ ಯಾಕೆ ಬೇಕು ಅಂತ ತಿಳಿಯಲು ಮಗ್ಗಿ ಕೋಷ್ಟಕ ಮಾಡಿ ನೋಡಿ. ಎ2ರಿಂದ ಕೆಳಗೆ 1ರಿಂದ 10, ಬಿ1ರಿಂದ ಬಲಕ್ಕೆ 1ರಿಂದ 10 ಹಾಕಿ. ಬಿ2ರಲ್ಲಿ =$ಎ2*ಬಿ$1 ಬರೆದು ಮೊದಲು ಬಲಕ್ಕೆ, ಆಮೇಲೆ ಇಡೀ ಸಾಲನ್ನು ಕೆಳಕ್ಕೆ ಎಳೆಯಿರಿ. ಒಂದೇ ಫಾರ್ಮುಲಾದಿಂದ ನೂರು ಸೆಲ್ ತುಂಬುತ್ತವೆ. ನನ್ನ ಪ್ರಕಾರ ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಡಾಲರ್ ಟೈಪ್ ಮಾಡುವ ಕಷ್ಟ ಬೇಡ. ಫಾರ್ಮುಲಾದಲ್ಲಿ ಇ1ರ ಮೇಲೆ ಕರ್ಸರ್ ಇಟ್ಟು ಎಫ್4 ಕೀ ಒತ್ತುತ್ತಾ ಹೋದರೆ $ಇ$1, ಇ$1, $ಇ1, ಕೊನೆಗೆ ಮತ್ತೆ ಇ1 ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಜೊತೆಗೆ ಒತ್ತಬೇಕು. ಗೂಗಲ್ ಶೀಟ್ಸ್‌ನಲ್ಲೂ ಎಫ್4 ಕೆಲಸ ಮಾಡುತ್ತದೆ.

ನಿಮ್ಮ ತಪ್ಪು ಸೊನ್ನೆಯಾಗಿ ಕಣ್ಣಿಗೆ ಬಿತ್ತು, ಅದು ಒಳ್ಳೆಯದೇ ಆಯಿತು. ಜಾಸ್ತಿ ಅಪಾಯ ಇರುವುದು ಸಮ್‌ಇಫ್ (ಷರತ್ತಿಗೆ ಹೊಂದುವ ಮೊತ್ತಗಳನ್ನು ಮಾತ್ರ ಕೂಡುವುದು), ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ಅದೇ ಸಾಲಿನ ಮಾಹಿತಿ ತರುವುದು) ಥರದ ಫಾರ್ಮುಲಾಗಳಲ್ಲಿ. ಎ2:ಬಿ50 ಅಂತ ಡಾಲರ್ ಇಲ್ಲದೆ ಕೊಟ್ಟು ಎಳೆದರೆ ಮುಂದಿನ ಸಾಲಿನಲ್ಲಿ ಅದು ಎ3:ಬಿ51 ಆಗುತ್ತದೆ. ಹೀಗೆ ಮೇಲಿನ ಸಾಲುಗಳು ಒಂದೊಂದಾಗಿ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಸಮ್‌ಇಫ್‌ನಲ್ಲಿ ಎರರ್ ಕೂಡ ಬರದೆ ಮೊತ್ತ ಕಡಿಮೆ ಬಂದುಬಿಡಬಹುದು. ಅಲ್ಲಿ $ಎ$2:$ಬಿ$50 ಅಂತ ನಾಲ್ಕೂ ಡಾಲರ್ ಹಾಕಿ. ಎಳೆದಾದ ಮೇಲೆ ಕೊನೆಯ ಸೆಲ್‌ಗೆ ಹೋಗಿ ಎಫ್2 ಕೀ ಒತ್ತಿ. ಅದು ಯಾವ ಯಾವ ಸೆಲ್‌ಗಳನ್ನು ನೋಡುತ್ತಿದೆ ಅಂತ ಬಣ್ಣದ ಚೌಕಟ್ಟಿನಲ್ಲಿ ಕಾಣುತ್ತದೆ.