ತಾಳಿಕೋಟೆಯ ವಿಷಯಕ್ಕೆ ಮಾತು ಬಿಟ್ಟ ಅಪ್ಪ–ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆ ಬಂದವರು ಖಾಸಗಿ ಕಂಪನಿಯಲ್ಲಿ ಕೆಲಸಕ್ಕಿರುವ 26 ವರ್ಷದ ಯುವಕ. ದಖ್ಖನ್ ಸುಲ್ತಾನರ ಎದುರು ವಿಜಯನಗರ ಸೋತ ತಾಳಿಕೋಟೆ ಯುದ್ಧದ ವಿಷಯಕ್ಕೆ ಅಪ್ಪನ ಜೊತೆ ಜಗಳವಾಗಿ ಮಾತು ನಿಂತಿತ್ತು. ರಾತ್ರಿಯೆಲ್ಲ ವಿಡಿಯೊ, ಬೆಳಿಗ್ಗೆ ಸಿಡುಕು.

"ಮೇಡಂ, ಒಂದು ಪುಸ್ತಕ ಓದಿದ್ರೆ ರಕ್ತ ಕುದಿಯುತ್ತೆ. ಇನ್ನೊಂದು ಓದಿದ್ರೆ ಮೊದಲನೇದು ಪೂರಾ ಸುಳ್ಳು ಅನ್ಸುತ್ತೆ. ಯಾರನ್ನ ನಂಬ್ಲಿ?"

ನಿದ್ದೆಗೆ ಹೇಳಿದ್ದು ಮಾಮೂಲಿ ಸಲಹೆ: ಹತ್ತರ ನಂತರ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಆದರೆ ಅವರ ಪ್ರಶ್ನೆಗೆ "ಓದೋದೇ ಬಿಡಿ" ಎಂದುಬಿಡುವುದು ಅನ್ಯಾಯ. ತಿಳಿಯಬೇಕೆಂಬ ಆ ಹಂಬಲ ದೊಡ್ಡದು, ಅದನ್ನು ಉಳಿಸಬೇಕಿತ್ತು.

ಅವರು ತಂದಿದ್ದ ಪುಸ್ತಕದ ಕೊನೆಯ ಪುಟಗಳನ್ನು ತೆಗೆಯಲು ಹೇಳಿದೆ. ಅಡಿಟಿಪ್ಪಣಿಯಿಲ್ಲ, ಆಕರಗಳ ಪಟ್ಟಿಯಿಲ್ಲ. ಆದರೂ ಒಳಗೆ, ಆಗ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯ ಸಾಯುವ ಮುನ್ನ ಆಡಿದ ಮಾತುಗಳಿದ್ದವು! "ಇದನ್ನು ಕೇಳಿಸಿಕೊಂಡವರು ಯಾರು?" ಎಂದೆ. ಅವರು ಸುಮ್ಮನೆ ಪುಟ ತಿರುವಿದರು.

1565ರ ಆ ಯುದ್ಧದ ಬಗ್ಗೆ ಬರೆದವರೆಲ್ಲ ಒಂದೇ ಕಡೆ ನಿಂತು ನೋಡಿದವರಲ್ಲ. ಇತಿಹಾಸಕಾರ ಫೆರಿಷ್ತಾ ಬಿಜಾಪುರದ ಆಸ್ಥಾನದಲ್ಲಿದ್ದುಕೊಂಡು ದಶಕಗಳ ಮೇಲೆ ಬರೆದವನು. ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕ್ 1567ರಲ್ಲಿ ಹಾಳುಬಿದ್ದ ವಿಜಯನಗರಕ್ಕೇ ಬಂದಿದ್ದವನು. ಸೋಲಿಗೆ ರಾಮರಾಯನ ಸೈನ್ಯದ ಇಬ್ಬರು ಮುಸ್ಲಿಂ ಸರದಾರರ ದ್ರೋಹವೇ ಕಾರಣ ಎಂದಿದ್ದಾನೆ. ಇತ್ತ, ಎದುರು ಪಕ್ಷದಲ್ಲಿದ್ದ ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುತುಬ್ ಶಾ ಪಟ್ಟವೇರುವ ಮೊದಲು ವರ್ಷಗಟ್ಟಲೆ ಇದೇ ರಾಮರಾಯನ ಆಶ್ರಯದಲ್ಲಿದ್ದ. ಇವನ್ನೆಲ್ಲ ಎದುರಿಗಿಟ್ಟುಕೊಂಡು, ಯಾರ ಮಾತನ್ನು ಎಷ್ಟು ನಂಬಿದೆ, ಯಾಕೆ ನಂಬಿದೆ ಎಂದು ಹೇಳುವ ಲೇಖಕರನ್ನು ಹುಡುಕಿ ಎಂದೆ. ತಮ್ಮ ವಾದಕ್ಕೆ ಅಡ್ಡ ಬರುವುದನ್ನು ನುಂಗಿಹಾಕುವವರು ಯಾವ ಪಕ್ಷದವರಾದರೂ ಬೇಡ.

ಮೊದಲು ಮೂಲದ ರುಚಿ ಹತ್ತಲಿ ಎಂದು ಪೋರ್ಚುಗೀಸರಾದ ಪಾಯೆಸ್, ನೂನಿಜ್ ಬರೆದ ವಿಜಯನಗರದ ವೃತ್ತಾಂತಗಳನ್ನು ಸೂಚಿಸಿದೆ. ರಾಬರ್ಟ್ ಸೀವೆಲ್ 1900ರ ತನ್ನ ಪುಸ್ತಕದಲ್ಲಿ ಅವುಗಳ ಇಂಗ್ಲಿಷ್ ಅನುವಾದ ಕೊಟ್ಟಿದ್ದಾನೆ. ಆಮೇಲೆ, ಪರಸ್ಪರ ಒಪ್ಪದ ಇಬ್ಬರು ಈಗಿನ ವಿದ್ವಾಂಸರು. ಕಾದಂಬರಿ ಓದಬೇಕೆನಿಸಿದರೆ ಧಾರಾಳವಾಗಿ ಓದಲಿ, ಕಾದಂಬರಿಯೆಂದೇ ಓದಲಿ.

ನೀವು ಓದುವ ಪುಸ್ತಕವನ್ನೇ ಅಪ್ಪನಿಗೂ ಕೊಡಿ, ವಾದ ಬಂದಾಗ "ಇದು ಯಾವ ಪುಟದಲ್ಲಿದೆ ಅಪ್ಪಾ?" ಎಂದಷ್ಟೇ ಕೇಳಿ ಎಂದೂ ಹೇಳಿದೆ. ಮುಂದಿನ ಭೇಟಿಗೆ ಅಪ್ಪನೂ ಬಂದಿದ್ದರು. ರಾಮರಾಯನ ಬಗ್ಗೆ ಇಬ್ಬರದೂ ಒಮ್ಮತವಿಲ್ಲ, ಮಾತು ಮಾತ್ರ ನಡೆದಿದೆ. ಮಗನ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಅದಕ್ಕಾಗಿ ಆಪ್ತಸಲಹೆ ಮುಂದುವರಿಸಿದ್ದೇವೆ.