ನನ್ನದಲ್ಲದ ಕೆಲಸ, ಆದರೆ ಆಸೆಯಿದೆ: ಒಪ್ಪಿಕೊಳ್ಳಲಾ?

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ನೀವು ಲೆಕ್ಕ ನೋಡುವವರು. ಹೊಸ ಕಾಫಿಪುಡಿ ಪ್ಯಾಕೆಟ್‌ಗೆ ಚಿತ್ರ ಬರೆದುಕೊಡಲಾ ಅಂತ ಕೇಳಿದ್ದೀರಿ. ಖಂಡಿತ ಬರೆಯಿರಿ. ಆದರೆ ಮೊದಲು ಮ್ಯಾನೇಜರ್ ಹತ್ತಿರ ಮಾತಾಡಿ.

ನಾನು ಮಡಿಕೇರಿಯ ಒಂದು ರೆಸಾರ್ಟ್‌ನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಒಂದು ಮಳೆಗಾಲ, ಅತಿಥಿಗಳು ಕಡಿಮೆಯಿದ್ದಾಗ, ಊರಿನ ನಕ್ಷೆ ಬಿಡಿಸಲು ಕೂತೆ. ಓಂಕಾರೇಶ್ವರದ ಗುಮ್ಮಟ, ಕೊಳದ ನಡುವಿನ ಮಂಟಪ, ರಾಜಾಸೀಟ್‌ಗೆ ಹೋಗುವ ದಾರಿ, ಎಲ್ಲವೂ ಪೆನ್ಸಿಲ್‌ನಲ್ಲಿ. ಮಂಟಪವೊಂದನ್ನೇ ನಾಲ್ಕು ಸಲ ಅಳಿಸಿ ಬರೆದಿದ್ದೆ. ಅಷ್ಟು ಖುಷಿ ಸಂಬಳದ ದಿನವೂ ಇರಲಿಲ್ಲ! ಚೆನ್ನಾಗಿ ಬಂತು, ಪ್ರಿಂಟೂ ಆಯಿತು. ನನ್ನ ಹೆಸರು ಮಾತ್ರ ಇರಲಿಲ್ಲ. ಅದು ಇವತ್ತಿಗೂ ನೋವೇ.

ಹಾಗಾಗಿ ಇದನ್ನು ತಿಳಿದುಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಚಿತ್ರದ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ಬೇರೆ ಒಪ್ಪಂದ ಇದ್ದರೆ ಮಾತು ಬೇರೆ. ನಿಮ್ಮ ಕೆಲಸ ಲೆಕ್ಕ, ಚಿತ್ರ ಅಲ್ಲ. ಅದಕ್ಕೇ ಇಲ್ಲಿ ಗೊಂದಲ ಜಾಸ್ತಿ. ಚಿತ್ರ ಯಾರದ್ದು, ಹೆಸರು ಹಾಕುತ್ತಾರಾ, ದುಡ್ಡು ಕೊಡುತ್ತಾರಾ, ಒಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸುಮ್ನೆ ಬಾಯಿಮಾತು ಸಾಲದು.

ಸಮಯವನ್ನೂ ನೋಡಿ. ಕೊಯ್ಲು ಮುಗಿದು ಲಾರಿಗಟ್ಟಲೆ ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಬರುವಾಗ ಬೇಡ. ಜುಲೈ, ಆಗಸ್ಟ್ ಒಳ್ಳೆಯದು, ಅಲ್ವಾ? ವಾರಕ್ಕೆ ಎರಡು ಗಂಟೆ ಕೇಳಿ ನೋಡಿ. ಒಂದು ಕರಡು ಚಿತ್ರ ಕೈಯಲ್ಲಿ ಹಿಡಿದುಕೊಂಡೇ ಹೋಗಿ.